ಸಣ್ಣ ಅಪ್‌ಡೇಟ್ ಎಂದು ಮುಂದೂಡಬೇಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯ ಸುದ್ದಿಯನ್ನು ಆಸಕ್ತಿಯಿಂದ ಓದುತ್ತಾರೆ. ಮೂರು ತಿಂಗಳಿಗೊಮ್ಮೆ ಬರುವ ಸಣ್ಣ ಅಪ್‌ಡೇಟ್ ಮಾತ್ರ ‘ಆಮೇಲೆ ನೋಡೋಣ’ ಪಟ್ಟಿಗೆ ಸೇರುತ್ತದೆ.

2022ರ ಜೂನ್‌ನಲ್ಲಿ ಬಂದ 14.4 ಅಪ್‌ಡೇಟನ್ನೇ ನೋಡಿ. 14ನೇ ಆವೃತ್ತಿಯಲ್ಲಿ ಮೊದಲಿನಿಂದಲೂ ಒಂದು ದೋಷ ಅಡಗಿತ್ತು. ಟೇಬಲ್ ಬಳಕೆಯಲ್ಲಿರುವಾಗಲೇ ‘ಕನ್‌ಕರೆಂಟ್ಲಿ’ ಆಯ್ಕೆ ಕೊಟ್ಟು ಇಂಡೆಕ್ಸ್ ಕಟ್ಟಿದರೆ ಕೆಲವು ಸಾಲುಗಳು ಅದರಿಂದ ತಪ್ಪಿಹೋಗುವ ಸಾಧ್ಯತೆಯಿತ್ತು. ಗ್ರಾಹಕರ ದಾಖಲೆ ಟೇಬಲ್‌ನಲ್ಲಿ ಇದ್ದೇ ಇರುತ್ತದೆ, ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗುವುದಿಲ್ಲ. ಇಂಥ ದೋಷವೇ ಹೆಚ್ಚು ಅಪಾಯಕಾರಿ. ಪೋಸ್ಟ್‌ಗ್ರೆಸ್ ತಂಡ ಮಾಮೂಲಿ ವೇಳಾಪಟ್ಟಿಗೆ ಕಾಯದೆ ಪರಿಹಾರ ಬಿಡುಗಡೆ ಮಾಡಿತು. ಆದರೆ ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಕೆಟ್ಟ ಇಂಡೆಕ್ಸ್ ಸರಿಹೋಗಲಿಲ್ಲ. ಅದನ್ನು ಮತ್ತೆ ಕಟ್ಟಲೇಬೇಕಿತ್ತು. ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಹಾಗಾಗಿ ಟಿಪ್ಪಣಿ ಓದದೆ ಅಪ್‌ಡೇಟ್ ಹಾಕುವುದು ಅರ್ಧ ಕೆಲಸ ಮಾತ್ರ.

ಸಣ್ಣ ಅಪ್‌ಡೇಟಿಗೆ ಡೇಟಾ ತೆಗೆದು ಮತ್ತೆ ತುಂಬುವ ಗೋಜಿಲ್ಲ. ಸರ್ವರ್ ನಿಲ್ಲಿಸಿ, ಹೊಸ ಪ್ಯಾಕೇಜ್ ಹಾಕಿ, ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಮುಗಿಯಿತು. ಮೊದಲು ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡುವುದು ಒಳ್ಳೆಯದು.

ದೊಡ್ಡ ಆವೃತ್ತಿಗೆ ಹೋದಾಗಲೂ ಟಿಪ್ಪಣಿ ಬೇಕೇ ಬೇಕು. 13ರಲ್ಲಿ ಬಿ-ಟ್ರೀ ಇಂಡೆಕ್ಸ್ ಒಂದೇ ಮೌಲ್ಯವನ್ನು ಪದೇಪದೇ ಇಡುವ ಬದಲು ಒಟ್ಟುಗೂಡಿಸಿ ಜಾಗ ಉಳಿಸಲು ಕಲಿತಿತು. ಹಿಂದಿನ ಆವೃತ್ತಿಯಿಂದ ‘ಪಿಜಿ ಅಪ್‌ಗ್ರೇಡ್’ ಮೂಲಕ ಬಂದವರಿಗೆ ಆ ಲಾಭ ತಾನಾಗಿ ಸಿಗದು. ಹಳೆಯ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಬೇಕು. ದೊಡ್ಡ ಅಪ್‌ಗ್ರೇಡನ್ನೂ ಮುಂದೂಡುತ್ತಲೇ ಇರಲಾಗದು, ಏಕೆಂದರೆ ಪ್ರತಿ ದೊಡ್ಡ ಆವೃತ್ತಿಗೆ ಬೆಂಬಲ ಇರುವುದು ಸುಮಾರು 5 ವರ್ಷ. ಆ ಗಡುವಿನ ದಿನಾಂಕವನ್ನು ನಿಮ್ಮ ತಂಡದ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿಡಿ.