ಎರಡು ತೊಟ್ಟಿ, ನಡುವೆ ಒಂದು ಪೈಪು

ನಮ್ಮ ಬೋರ್‌ವೆಲ್ ದಿಣ್ಣೆ ಮೇಲಿದೆ. ಅಲ್ಲಿ 5,000 ಲೀಟರಿನ ತೊಟ್ಟಿ. 600 ಅಡಿ ಕೆಳಗೆ ತೆಂಗಿನ ಸಾಲಿನ ಹತ್ತಿರ 20,000 ಲೀಟರಿನ ಇನ್ನೊಂದು ತೊಟ್ಟಿ. ಇಳಿಜಾರಿದೆಯಲ್ಲ, ನೀರು ತಾನೇ ಹರಿಯುತ್ತೆ ಅಂತ ಒಂದೂವರೆ ಇಂಚಿನ (50 ಮಿ.ಮೀ.) ಪೈಪು ಹೂಳಿಸಿದೆ. ಕರೆಂಟು ಬಂದು ಒಂದು ಗಂಟೆ ಕಳೆಯುವಷ್ಟರಲ್ಲಿ ಮೇಲಿನ ತೊಟ್ಟಿ ತುಂಬಿ ಚೆಲ್ಲೋದು, ಕೆಳಗಿನದರಲ್ಲಿ ಮೊಳಕಾಲುದ್ದವೂ ನೀರಿಲ್ಲ. ಆ ಬೇಸಿಗೆ ಎಳೆ ತೆಂಗು ಒಣಗಿದ ಮೇಲೆ ಲೆಕ್ಕ ಕಲಿತೆ. ಏಳನೇ ಕ್ಲಾಸಿನ ಗಣಿತ ಸಾಕು.

ಮೊದಲು ಮಟ್ಟ ನೋಡಬೇಕು. ಗಾರೆಯವರ ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಹಂತಹಂತವಾಗಿ ಅಳೆದೆ, 10 ಅಡಿ ಬಂತು. ಈ ಅಳತೆ ಮೇಲಿನ ನೀರಿನ ಮಟ್ಟದಿಂದ ಕೆಳಗೆ ಪೈಪಿನ ಬಾಯಿವರೆಗೆ. ಬಾಯಿ ನೀರಲ್ಲಿ ಮುಳುಗಿದ್ದರೆ ಆ ನೀರಿನ ಮಟ್ಟದವರೆಗೆ ಮಾತ್ರ. ಪೈಪನ್ನು ತೊಟ್ಟಿಯ ತಳಕ್ಕೆ ಇಳಿಸಿದರೆ ಒತ್ತಡ ಜಾಸ್ತಿಯಾಗುತ್ತೆ ಅಂತ ನಾನೂ ನಂಬಿದ್ದೆ. ಅದು ತಪ್ಪು.

ಈ 10 ಅಡಿಯೇ ನಮ್ಮ ಬಂಡವಾಳ. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಅದೆಲ್ಲ ಖರ್ಚಾಗುತ್ತೆ. ಖರ್ಚಿನ ಕಟ್ಟಲೆ ಹೀಗೆ:

1. ಪೈಪು ಎರಡು ಪಟ್ಟು ಉದ್ದವಾದರೆ ನಷ್ಟವೂ ಎರಡು ಪಟ್ಟು.
2. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಹರಿಸಿದರೆ ನಷ್ಟ ಹೆಚ್ಚುಕಮ್ಮಿ ನಾಲ್ಕು ಪಟ್ಟು.
3. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ತಳ್ಳಿದರೆ ನಷ್ಟ ಸುಮಾರು 30 ಪಟ್ಟು!

ನನ್ನ 50 ಮಿ.ಮೀ. ಪೈಪಿನ ಒಳ ಅಗಲ 46 ಮಿ.ಮೀ. ಲೆಕ್ಕಕ್ಕೆ ಬಂದದ್ದು ನಿಮಿಷಕ್ಕೆ 78 ಲೀಟರ್. 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ಹಿಡಿದೆ, 2 ನಿಮಿಷ 40 ಸೆಕೆಂಡು. ಅಂದರೆ 75 ಲೀಟರ್. ಬೋರ್ ಕೊಡೋದು 150. ಮಿಕ್ಕಿದ್ದು ಚೆಲ್ಲದೆ ಇನ್ನೇನು? ಅದೇ ಪೈಪಿನಲ್ಲಿ 150 ಹರಿಸಬೇಕಿದ್ದರೆ 30 ಅಡಿಗೂ ಹೆಚ್ಚು ಇಳಿಜಾರು ಬೇಕಿತ್ತು.

ಎರಡು ಇಂಚಿನ (63 ಮಿ.ಮೀ.) ಪೈಪು ಹಾಕಿಸಿದೆ, ಒಳ ಅಗಲ 59. ಲೆಕ್ಕದಲ್ಲಿ 150, ಡ್ರಮ್ಮಿನಲ್ಲಿ 141. ಆ 9 ಲೀಟರ್ ಬೆಂಡು, ವಾಲ್ವು, ಜಾಲರಿ ತಿಂದದ್ದು. ಈ ಅಳತೆಯಲ್ಲಿ ಒಂದು ಬೆಂಡು ಅಂದರೆ ಐದಾರು ಅಡಿ ಪೈಪು ಹೆಚ್ಚಿದಂತೆ. ನಡುವೆ ದಿಬ್ಬ ಹತ್ತಿಸಿದ್ದರೆ ಅಲ್ಲಿ ಗಾಳಿ ಕೂತು ನೀರು ಕಟ್ಟುತ್ತೆ, ಗಾಳಿ ಬಿಡುವ ವಾಲ್ವು ಇಡಿ. ನಿಮ್ಮದು 1,200 ಅಡಿಯಾದರೆ 63ರ ಪೈಪಿನಲ್ಲಿ ಸುಮಾರು 105 ಲೀಟರ್ ಅಂದುಕೊಳ್ಳಿ.

ಇದೇ ಲೆಕ್ಕ ಊರಿನ ಮಾತಿಗೂ ಬೇಕು. ಗುಬ್ಬಿ ತಾಲೂಕಿನಲ್ಲಿ ಹೇಮಾವತಿ ನಾಲೆಯಿಂದ ಕುಣಿಗಲ್ ಕಡೆಗೆ ಪೈಪಿನಲ್ಲಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇ ತಿಂಗಳಲ್ಲಿ ದೊಡ್ಡ ಹೋರಾಟವೇ ನಡೆಯಿತು. ತುಮಕೂರು ನಗರ ಕುಡಿಯೋ ಬುಗುಡನಹಳ್ಳಿ ಕೆರೆಯ ನೀರೂ ಅದೇ ನಾಲೆಯದು. ಕುಣಿಗಲ್‌ನವರ ಬಾಯಾರಿಕೆಯೂ ಸುಳ್ಳಲ್ಲ. ಒಂದು ಟಿಎಂಸಿ ನೀರನ್ನು 100 ದಿನದಲ್ಲಿ ಒಯ್ಯಲು ಸುಮಾರು 116 ಕ್ಯೂಸೆಕ್ಸ್ ಹರಿಯಬೇಕು. ಆದ್ದರಿಂದ ಎರಡೂ ಕಡೆಯವರು ಕೇಳಬೇಕಾದ್ದು ಐದು ಅಂಕಿ: ಎರಡೂ ತುದಿಯ ನೀರಿನ ಮಟ್ಟ, ಪೈಪಿನ ಒಳ ಅಗಲ, ಉದ್ದ, ಹರಿಸುವ ದಿನ. ಇಷ್ಟು ಸಿಕ್ಕರೆ ಪೈಪು ಎಷ್ಟು ಎಳೆಯುತ್ತೆ ಅಂತ ಲೆಕ್ಕ ಹಾಕಬಹುದು. ಬಾಯಲ್ಲಿ ಗೇಟು ಯಾರ ಕೈಲಿರುತ್ತೆ ಅನ್ನೋದು ಮಾತ್ರ ಯಾವ ಲೆಕ್ಕಕ್ಕೂ ಸಿಗಲ್ಲ, ಅದನ್ನ ಕೇಳಿ ಬರೆಸಿಕೊಳ್ಳಬೇಕು.