ಆಂಗ್ಲೋ-ಇಂಡಿಯನ್: ವಂಶ, ಹಣೆಪಟ್ಟಿ, ಸಂವಿಧಾನ

ಇಂದು ಬೆಂಗಳೂರಿನೊಳಗೆ ಸೇರಿಹೋಗಿರುವ ವೈಟ್‌ಫೀಲ್ಡ್, 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿತು. ಜಮೀನು ಕೊಟ್ಟವರು ಹತ್ತನೇ ಚಾಮರಾಜ ಒಡೆಯರ್, ಹೆಸರು ಆ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರದು. ಮಿಶ್ರ ವಂಶದವರಿಗೆ ‘ಆಂಗ್ಲೋ-ಇಂಡಿಯನ್’ ಎಂಬುದು ಅಧಿಕೃತವಾದದ್ದು 1911ರಲ್ಲಿ.

ಗಮನವಿಟ್ಟು ಓದಬೇಕಾದದ್ದು ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವ ಸಂವಿಧಾನದ 366(2)ನೇ ವಿಧಿ. ತಂದೆ ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಒಬ್ಬರು ಯುರೋಪಿಯನ್ ಮೂಲದವರಾಗಿರಬೇಕು. ವ್ಯಕ್ತಿ ಭಾರತದಲ್ಲೇ ಹುಟ್ಟಿ ನೆಲೆಸಿರಬೇಕು. ಹೆತ್ತವರು ಇಲ್ಲಿನ ಕಾಯಂ ವಾಸಿಗಳಾಗಿರಬೇಕು. ಮೈಬಣ್ಣ, ಮನೆಮಾತು ಲೆಕ್ಕಕ್ಕಿಲ್ಲ. ತಾಯಿಯ ಮೂಲವೂ ಇಲ್ಲ, ಇದು ಅನ್ಯಾಯವೇ ಸರಿ.

ಲೋಕಸಭೆಗೆ ಇಬ್ಬರು ಆಂಗ್ಲೋ-ಇಂಡಿಯನ್ನರ (331ನೇ ವಿಧಿ), ವಿಧಾನಸಭೆಗೆ ಒಬ್ಬರ (333ನೇ ವಿಧಿ) ನಾಮನಿರ್ದೇಶನವನ್ನು 2020ರ ಜನವರಿ 25ರಿಂದ ಜಾರಿಯಾದ 104ನೇ ತಿದ್ದುಪಡಿ ಮುಂದುವರಿಸಲಿಲ್ಲ. ಕರ್ನಾಟಕ ವಿಧಾನಸಭೆಯಲ್ಲಿ ಈಗ 224 ಚುನಾಯಿತರಷ್ಟೇ. ವ್ಯಾಖ್ಯೆ ಮಾತ್ರ ಸಂವಿಧಾನದಲ್ಲಿ ಉಳಿದಿದೆ.