ಘಟ್ಟ ದಾಟಿ ಕಡಲಿಗೆ: ಕಾರವಾರದ ಅಧ್ಯಯನ ಪ್ರವಾಸ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಅನೇಕ ಮಕ್ಕಳಿಗೆ ಕಡಲೆಂದರೆ ಇಂದಿಗೂ ಭೂಪಟದ ನೀಲಿ ಬಣ್ಣ ಮಾತ್ರ. ಇಯತ್ತೆ ಎಂಟು, ಒಂಬತ್ತರ ವಿದ್ಯಾರ್ಥಿಗಳನ್ನು ಒಮ್ಮೆಯಾದರೂ ಕಡಲಿನವರೆಗೆ ಕರೆದೊಯ್ಯಬಯಸುವ ಶಿಕ್ಷಕರಿಗೆ ಕಾರವಾರವು ಸೂಕ್ತ ಸ್ಥಳವಾಗಿದೆ. ಅಲ್ಲಿ ಸಹ್ಯಾದ್ರಿಯ ಬೆಟ್ಟಗಳು ಕಡಲಿನ ಅಂಚಿನವರೆಗೂ ಬಂದಿವೆ. ಕಾಳಿ ನದಿಯು ಅರಬ್ಬಿ ಸಮುದ್ರವನ್ನು ಸೇರುವುದು ಅಲ್ಲಿಯೇ. ಊರಿನಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಆದರೆ ಇಷ್ಟು ದೂರದ ಪ್ರವಾಸದ ವೆಚ್ಚವು ಪಾಲಕರಿಗೆ ಹಗುರಾದುದಲ್ಲ. ಆದುದರಿಂದ ‘ನೋಡಿ ಬಂದೆವು’ ಎಂಬಲ್ಲಿಗೆ ಅದು ಮುಗಿಯಬಾರದು. ಹೊರಡುವ ಮೊದಲೇ ಮಕ್ಕಳ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು.

ಪ್ರವಾಸದ ಮೂಲ ಪ್ರಶ್ನೆ

‘ನಮ್ಮ ಹಳ್ಳದ ನೀರು ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ಏಕೆ ಹರಿಯುತ್ತದೆ?’ ಈ ಪ್ರಶ್ನೆಯನ್ನು ಪ್ರವಾಸಕ್ಕೆ ನಾಲ್ಕು ವಾರ ಮೊದಲೇ ತರಗತಿಯಲ್ಲಿ ಇಡಬೇಕು. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜರಾ ನದಿಯು ತೇರಣಾ ಮೊದಲಾದ ಉಪನದಿಗಳನ್ನು ಕೂಡಿಸಿಕೊಂಡು ಗೋದಾವರಿಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಈ ಸೀಮೆಗೆ ಹತ್ತಿರವಿರುವುದು ಅರಬ್ಬಿ ಸಮುದ್ರ. ಆದರೂ ಇಲ್ಲಿಯ ಹನಿ ನೀರೂ ಆ ಕಡೆಗೆ ಹೋಗುವುದಿಲ್ಲ. ಮಧ್ಯದಲ್ಲಿ ಸಹ್ಯಾದ್ರಿಯು ಅಡ್ಡವಾಗಿ ನಿಂತಿದೆ; ನೆಲವು ಅಲ್ಲಿಂದ ಪೂರ್ವಕ್ಕೆ ಇಳಿಯುತ್ತದೆ.

ಮಳೆಯ ಲೆಕ್ಕವೂ ಇದೇ ಬೆಟ್ಟಕ್ಕೆ ಸೇರಿದ್ದು. ನೈಋತ್ಯ ಮಾರುತದ ಮೋಡಗಳು ಬೆಟ್ಟವನ್ನು ಏರುವಾಗಲೇ ತಣಿದು ಸುರಿಯುತ್ತವೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾದರೆ, ಲಾತೂರ ಸೀಮೆಯಲ್ಲಿ ಸುಮಾರು 800 ಮಿಲಿಮೀಟರ್ ಮಾತ್ರ. 2016ರ ಏಪ್ರಿಲ್‌ನಲ್ಲಿ ಲಾತೂರ ನಗರಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದಿತು. ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಅದು ಸಹ್ಯಾದ್ರಿಯಲ್ಲಿ ಹುಟ್ಟುವ ಕೃಷ್ಣೆಯ ಕಣಿವೆಯ ನೀರು. ಆ ಬೇಸಿಗೆಯ ನೆನಪುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರುವುದೇ ಮಕ್ಕಳ ಮೊದಲ ಉಪಕ್ರಮವಾಗಲಿ. ಬೆಟ್ಟವೊಂದು ತಮ್ಮ ಮನೆಯ ಕೊಡಕ್ಕೂ ಸಂಬಂಧಿಸಿದೆ ಎಂಬುದು ಆಗ ಅವರಿಗೆ ಹೊಳೆಯುತ್ತದೆ.

ಪೂರ್ವಸಿದ್ಧತೆ

ಪ್ರವಾಸಕ್ಕೆ ಡಿಸೆಂಬರ್ ಮತ್ತು ಜನವರಿ ಯೋಗ್ಯವಾದ ತಿಂಗಳುಗಳು. ರಾಜ್ಯದ ಗಡಿ ದಾಟಬೇಕಾದುದರಿಂದ ಮುಖ್ಯಾಧ್ಯಾಪಕರ ಮೂಲಕ ಗಟಶಿಕ್ಷಣಾಧಿಕಾರಿಗಳ ಅನುಮತಿಗೆ ಬೇಗನೆ ಅರ್ಜಿ ಸಲ್ಲಿಸಬೇಕು. ಇದೇ ಅವಧಿಯಲ್ಲಿ ಅನೇಕ ಪಾಲಕರು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರದ ಕಡೆಗೆ ಹೋಗಿರುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಇರುತ್ತಾರೆ. ಅವರ ಒಪ್ಪಿಗೆ ಪತ್ರವನ್ನು ದೀಪಾವಳಿಗೆ ಮೊದಲೇ, ಪಾಲಕರು ಊರಲ್ಲಿರುವಾಗಲೇ ಪಡೆದುಕೊಳ್ಳುವುದು ಒಳಿತು.

ವೆಚ್ಚದ ಅಂದಾಜನ್ನು ಮಕ್ಕಳೇ ತಯಾರಿಸಲಿ. ಪ್ರಯಾಣ, ವಸತಿ, ಊಟ, ಪ್ರವೇಶ ಶುಲ್ಕ, ಔಷಧ ಎಂದು ವಿಭಾಗಿಸಿ, ಒಬ್ಬರಿಗೆ ತಗಲುವ ವೆಚ್ಚವನ್ನು ಕಂಡುಹಿಡಿಯುವುದು ಗಣಿತದ ಸಹಜ ಅಭ್ಯಾಸವಾಗುತ್ತದೆ. ಎಲ್ಲರೂ ಬರಲಾಗದು ಎಂಬ ಸತ್ಯವನ್ನೂ ಶಿಕ್ಷಕರು ಮುಚ್ಚಿಡಬಾರದು. ಊರಲ್ಲಿ ಉಳಿಯುವ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಶ್ನೆಯನ್ನು ಬರೆದು ಹೊರಡುವವರ ಕೈಗೆ ಕೊಡಬೇಕು. ಪ್ರಶ್ನೆ ಹೊತ್ತವರು ಉತ್ತರ ತಂದು ಒಪ್ಪಿಸಬೇಕು. ಹೋಗಲಾಗದವರು ಪ್ರವಾಸದಿಂದ ಹೊರಗುಳಿಯದಂತೆ ನೋಡಿಕೊಳ್ಳುವುದು ಯೋಜನೆಯ ಮುಖ್ಯ ಅಂಗ.

ದಾರಿಯೇ ಪಾಠ

ಮೂರೂ ಕಡೆಯವರು ಸೊಲ್ಲಾಪುರದಲ್ಲಿ ಸೇರಿ, ವಿಜಯಪುರ, ಬಾಗಲಕೋಟೆ, ಗದಗ ಮಾರ್ಗವಾಗಿ ಹುಬ್ಬಳ್ಳಿಯವರೆಗೆ ಹಗಲು ರೈಲಿನಲ್ಲಿ ಸಾಗುವುದು ಮೇಲು. ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಬಸ್ಸಿನಲ್ಲಿ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮೂಲಕ ಕಾರವಾರವನ್ನು ತಲುಪಬಹುದು. ರಾತ್ರಿಯ ಪ್ರಯಾಣದಲ್ಲಿ ಒಂದು ದಿನ ಉಳಿಯಬಹುದಾದರೂ, ಪ್ರವಾಸದ ಅತಿ ಮುಖ್ಯ ಪಾಠವು ನಿದ್ದೆಯಲ್ಲಿ ಕಳೆದುಹೋಗುತ್ತದೆ.

ಪ್ರತಿಯೊಬ್ಬರ ವಹಿಯಲ್ಲಿ ನದಿಯ ಹೆಸರು, ದಾಟಿದ ವೇಳೆ, ಹರಿಯುವ ದಿಕ್ಕು, ಸೇರುವ ಕಡಲು ಎಂಬ ನಾಲ್ಕು ಅಂಕಣಗಳಿರಲಿ. ಭೀಮಾ, ಕೃಷ್ಣಾ, ಮಲಪ್ರಭಾ ಮೂರರ ಮುಂದೆಯೂ ‘ಬಂಗಾಳ ಕೊಲ್ಲಿ’ ಎಂದೇ ಬರೆಯಬೇಕಾಗುತ್ತದೆ. ಘಟ್ಟವನ್ನು ಇಳಿದ ಮೇಲೆ ಸಿಗುವ ಗಂಗಾವಳಿಯ ಮುಂದೆ ಮೊದಲ ಸಲ ‘ಅರಬ್ಬಿ ಸಮುದ್ರ’ ಎಂದು ಬರೆಯುವಾಗ ಜಲವಿಭಾಜಕ ಎಂಬ ಪದಕ್ಕೆ ಅರ್ಥ ಹೇಳಬೇಕಾಗಿಯೇ ಇಲ್ಲ. ಜತೆಗೆ ನೆಲದ ಬಣ್ಣವನ್ನೂ ಗುರುತಿಸಲಿ: ವಿಜಯಪುರ ಸೀಮೆಯ ಎರೆಮಣ್ಣು, ಬಾದಾಮಿಯ ಕೆಂಪು ಮರಳುಗಲ್ಲು, ಕರಾವಳಿಯ ಜಂಬಿಟ್ಟಿಗೆ.

ಕಾರವಾರದಲ್ಲಿ

ಮೊದಲು ನೋಡಬೇಕಾದುದು ಕಾಳಿಯ ಉತ್ತರ ದಡದ ಸದಾಶಿವಗಡ. ಗುಡ್ಡದ ಮೇಲಿನಿಂದ ನದಿ, ಅಳಿವೆ, ಕಡಲು, ಬೆಟ್ಟಸಾಲು ಒಂದೇ ನೋಟಕ್ಕೆ ಸಿಗುತ್ತವೆ. ಮಕ್ಕಳು ಅಲ್ಲಿಯೇ ಕುಳಿತು ನಕ್ಷೆ ಬರೆಯಲಿ. ಕಾಳಿಯು ಜೋಯಿಡಾ ಸೀಮೆಯಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಉತ್ತರ ಕನ್ನಡ ಜಿಲ್ಲೆಯೊಳಗೇ ತನ್ನ ಪಯಣವನ್ನು ಮುಗಿಸುತ್ತದೆ. ಮಾಂಜರೆಯ ಉದ್ದ 724 ಕಿಲೋಮೀಟರ್; ಅದಾದ ಮೇಲೂ ಗೋದಾವರಿಯ ದಾರಿ ಉಳಿದಿದೆ. ಈ ಎರಡು ಅಂಕಿಗಳ ಹೋಲಿಕೆಯಿಂದ ಪಶ್ಚಿಮವಾಹಿನಿಗಳ ಸ್ವಭಾವ ತಿಳಿಯುತ್ತದೆ.

ಯುದ್ಧನೌಕಾ ಸಂಗ್ರಹಾಲಯದಲ್ಲಿರುವ ‘ಚಪಲ್’ ಕ್ಷಿಪಣಿ ನೌಕೆ ಮತ್ತು ಬೈತಖೋಲದ ಬಂದರನ್ನು ಮರುದಿನ ನೋಡಬಹುದು. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ರಚಿಸಿದರು. ಇಲ್ಲಿಯ ಕಡಲತೀರಕ್ಕೆ ಅವರ ಹೆಸರಿದೆ.

ತೀರದಲ್ಲಿ ಭರತ ಇಳಿತಗಳ ವೀಕ್ಷಣೆಯನ್ನು ತಪ್ಪದೆ ಮಾಡಿಸಬೇಕು. ನೀರು ಮುಟ್ಟಿದ ಗೆರೆಯಲ್ಲಿ ಶಿಕ್ಷಕರೇ ಕೋಲು ನೆಟ್ಟು, ಗಂಟೆಗೊಮ್ಮೆ ಮಕ್ಕಳು ದೂರದಿಂದ ಗುರುತಿಸಲಿ. ಭರತವು ಮರುದಿನ ಸುಮಾರು 50 ನಿಮಿಷ ತಡವಾಗಿ ಬರುವುದನ್ನು ಕಂಡು, ಚಂದ್ರೋದಯದ ವೇಳೆಯೊಂದಿಗೆ ಹೋಲಿಸಲಿ.

ಕಡಲಿನ ಎಚ್ಚರ

ಬಯಲುಸೀಮೆಯ ಮಗುವಿಗೆ ಬಾವಿಯ ಆಳ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ಈಜು ಬಲ್ಲವರನ್ನೂ ಮರಳುವ ಅಲೆಯು ಒಳಕ್ಕೆ ಎಳೆದೊಯ್ಯುತ್ತದೆ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಲ್ಲಿ ಮುಳುಗಿ ಮೃತಪಟ್ಟರು. ಆದುದರಿಂದ ನೀರಿಗಿಳಿಯುವಂತಿಲ್ಲ ಎಂಬ ನಿಯಮವನ್ನು ಊರಲ್ಲಿಯೇ, ಪಾಲಕರ ಎದುರಿನಲ್ಲಿಯೇ ಹೇಳಬೇಕು. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ತೀರಕ್ಕೆ ಹೋಗುವಾಗಲೂ ಬರುವಾಗಲೂ ಎಣಿಕೆಯಾಗಬೇಕು. ಜೀವರಕ್ಷಕರಿಲ್ಲದ ತೀರಕ್ಕೆ ಹೋಗಬಾರದು. ಸೂರ್ಯಾಸ್ತದ ನಂತರ ತೀರದಲ್ಲಿ ನಿಲ್ಲಬಾರದು. ಮಕ್ಕಳು ಎಷ್ಟು ಬೇಡಿದರೂ ಇದರಲ್ಲಿ ಸಡಿಲಿಕೆ ಸಲ್ಲದು.

ಭಾಷಾ ಉಪಕ್ರಮ

ಗಡಿಭಾಗದ ಮಗುವು ತನ್ನ ಕನ್ನಡದಲ್ಲಿ ಮರಾಠಿ, ಉರ್ದು ಬೆರೆತಿದೆ ಎಂದು ಹಿಂಜರಿಯುವುದುಂಟು. ಪ್ರವಾಸಕ್ಕೆ ‘ಸಹಲ್’ ಎಂದು ಬಾಯಿಗೆ ಬಂದೊಡನೆ ನಾಲಿಗೆ ಕಚ್ಚಿಕೊಳ್ಳುತ್ತದೆ. ಕಾರವಾರದಲ್ಲಿ ಅದಕ್ಕೊಂದು ಸಮಾಧಾನ ದೊರೆಯುತ್ತದೆ. ಅಲ್ಲಿಯ ಅನೇಕ ಮಕ್ಕಳು ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಸಾಧ್ಯವಾದರೆ ಮೊದಲೇ ಪತ್ರ ಬರೆದು, ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಅರ್ಧ ದಿನ ಕಳೆಯುವಂತೆ ಏರ್ಪಡಿಸಬೇಕು. ಎರಡೂ ಕಡೆಯ ಮಕ್ಕಳು ಕೂಡಿ ಐವತ್ತು ಪದಗಳ ಪಟ್ಟಿ ಮಾಡಲಿ: ಕನ್ನಡದ ‘ನೀರು’, ಮರಾಠಿಯ ‘ಪಾಣಿ’, ಕೊಂಕಣಿಯ ‘ಉದಕ’. ಕೊನೆಯದು ಕನ್ನಡ ನಿಘಂಟಿನಲ್ಲಿಯೂ ಇದೆ ಎಂಬುದನ್ನು ಅವರೇ ಹುಡುಕಿ ತೆಗೆಯಲಿ.

ಇತಿಹಾಸದ ಒಂದು ದಿನವೂ ಈ ಎರಡು ಸೀಮೆಗಳನ್ನು ಜೋಡಿಸುತ್ತದೆ. 1956ರ ನವೆಂಬರ್ 1ರಂದು ಕಾರವಾರವನ್ನೊಳಗೊಂಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳೂ ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ ಬಂದವು. ರಾಜ್ಯದ ಗೆರೆ ಬದಲಾದರೂ ಮನೆಯ ಮಾತು ಎರಡೂ ಕಡೆ ಉಳಿಯಿತು. ಇದನ್ನು ವಾದಕ್ಕೆ ಎಳೆಯದೆ, ನಕ್ಷೆಯ ಮೇಲೆ ತೋರಿಸಿ ಬಿಟ್ಟರೆ ಸಾಕು.

ಮೌಲ್ಯಮಾಪನ

ಮರಳಿದ ವಾರದಲ್ಲಿ ‘ನಾನು ಕಂಡ ಕಾರವಾರ’ ಎಂಬ ಒಂದೇ ನಮೂನೆಯ ಪ್ರಬಂಧ ಬರೆಯಿಸುವುದಕ್ಕಿಂತ, ಹೋದವರು ತಮ್ಮ ನದಿಯ ಅಂಕಣಗಳನ್ನೂ ಪದಪಟ್ಟಿಯನ್ನೂ ಭರತದ ಗುರುತುಗಳನ್ನೂ ಊರಲ್ಲಿ ಉಳಿದವರ ಮುಂದಿಟ್ಟು ವಿವರಿಸಲಿ. ಉಳಿದವರು ತಾವು ಕಳುಹಿಸಿದ ಪ್ರಶ್ನೆಗೆ ಬಂದ ಉತ್ತರವನ್ನು ಪರೀಕ್ಷಿಸಿ, ತೃಪ್ತಿಯಾಗದಿದ್ದರೆ ಮತ್ತೆ ಕೇಳಲಿ. ಕಡಲನ್ನು ಕಾಣದ ವಿದ್ಯಾರ್ಥಿಯೊಬ್ಬನು ತನ್ನೂರಿನ ಹಳ್ಳದ ನೀರು ಏಕೆ ಪೂರ್ವಕ್ಕೆ ಹರಿಯುತ್ತದೆಂದು ನಕ್ಷೆಯ ಸಹಾಯದಿಂದ ಹೇಳಬಲ್ಲನಾದರೆ, ಪ್ರವಾಸವು ಇಡೀ ತರಗತಿಗೆ ಸಂದಿತೆಂದು ಶಿಕ್ಷಕರು ತಿಳಿಯಬಹುದು.